ಬ್ಯಾಗಿನಲ್ಲಿ ಸಿಕ್ಕಿದ್ದು, ಬ್ಯಾಗಿನಲ್ಲೇ ಉಳಿದದ್ದು

2022ರ ನವೆಂಬರ್ ಕೊನೆಯಲ್ಲಿ ಬೆಂಗಳೂರಿನ ಕೆಲವು ಶಾಲೆಗಳು ಮೊಬೈಲ್ ಹುಡುಕಲೆಂದು ಎಂಟರಿಂದ ಹತ್ತನೇ ತರಗತಿಯ ಮಕ್ಕಳ ಬ್ಯಾಗಿಗೆ ಕೈಹಾಕಿದವು. ಸಿಕ್ಕಿದ್ದು ಸಿಗರೇಟು, ಲೈಟರು, ವೈಟ್ನರು, ಜೊತೆಗೆ ಕಾಂಡೋಮು. ಸಿಗರೇಟಿಗೆ ಯಾರೂ ಅಷ್ಟಾಗಿ ಬೆಚ್ಚಲಿಲ್ಲ. ಅದು ಕ್ಯಾನ್ಸರ್ ತರುತ್ತದಷ್ಟೆ. ರೋಗ ತಡೆಯುವ ವಸ್ತು ಕಂಡಿದ್ದೇ ಊರಿಗೂರೇ ಬೆವರಿತು. ಹತ್ತು ದಿನ ರಜೆ ಕೊಟ್ಟು, ಕೌನ್ಸೆಲಿಂಗ್ ಮಾಡಿಸಿ ಎಂದು ಮಕ್ಕಳನ್ನು ಹೆತ್ತವರಿಗೆ ಒಪ್ಪಿಸಿದ ಶಾಲೆಗಳೂ ಇದ್ದವು. ಸುದ್ದಿಯ ಬಿಸಿ ಆರುವ ಮೊದಲೇ ಡಿಸೆಂಬರ್ 1, ವಿಶ್ವ ಏಡ್ಸ್ ದಿನ, ಬಂದುಬಿಟ್ಟಿತು.

ಆ ದಿನಕ್ಕೆ ನಮ್ಮ ಜಯನಗರದ ಕಡೆಯ ಶಾಲೆಗಳಲ್ಲಿ ಕೆಂಪು ರಿಬ್ಬನ್ನಿನ ರಂಗೋಲಿ ಬಿಡಿಸುತ್ತಾರೆ, ಜಾಥಾ ಹೊರಡಿಸುತ್ತಾರೆ. ಫಲಕದ ಮೇಲೆ 1097 ಸಹಾಯವಾಣಿ. 'ಏಡ್ಸ್ ಹೇಗೆ ಬರುತ್ತೆ ಮಿಸ್?' ಅಂತ ಒಬ್ಬ ಕೇಳಿದನೆನ್ನಿ, ಉತ್ತರ ಸಿದ್ಧ: 'ಲೈನಲ್ಲಿ ನಿಲ್ಲು.'

ತಪಾಸಣೆಯಲ್ಲಿ ಯಾರೂ ಮುಟ್ಟದ ಸರಕೊಂದು ಅದೇ ಬ್ಯಾಗಿನಲ್ಲಿತ್ತು: ಹತ್ತನೇ ತರಗತಿಯ ವಿಜ್ಞಾನ ಪುಸ್ತಕ. ಸಂತಾನೋತ್ಪತ್ತಿ ಪಾಠದ ಕೊನೆಯಲ್ಲಿ ಎಚ್‌ಐವಿಯೂ ಇದೆ, ಕಾಂಡೋಮೂ ಇದೆ, ಸರ್ಕಾರವೇ ಅಚ್ಚು ಹಾಕಿಸಿದ್ದು. ಆ ಪುಟವನ್ನು ಜಪ್ತಿ ಮಾಡುವ ಅಗತ್ಯವೇನಿಲ್ಲ, ಅದನ್ನು ಯಾರಾದರೂ ತೆರೆದರೆ ತಾನೇ! ದಾಸವಾಳ ಸೀಳಿ ಕೇಸರ, ಶಲಾಕೆ, ಅಂಡಾಶಯವನ್ನೆಲ್ಲ ಪೀರಿಯಡ್‌ಗಟ್ಟಲೆ ತೋರಿಸಿದ ಮೇಷ್ಟ್ರು, ಮನುಷ್ಯರ ಸರದಿ ಬಂದಾಗ 'ಇದು ಈಜಿ, ಮನೇಲಿ ಓದ್ಕೊಳ್ಳಿ' ಎನ್ನುತ್ತಾರೆ. ಮನೆಯಲ್ಲಿ ಅಪ್ಪ, ಟಿವಿಯಲ್ಲಿ ಆ ಜಾಹೀರಾತು ಬಂದರೆ ಸೋಫಾ ಸಂದಿಯಲ್ಲಿ ರಿಮೋಟ್ ಹುಡುಕುತ್ತಿರುತ್ತಾನೆ.

ಪಾಠ ಜಾರಿಸುವ ಈ ಚಾಳಿ ಹೊಸ ರೋಗವಲ್ಲ. 2007ರಲ್ಲಿ, ಎಚ್‌ಐವಿ ಬಗ್ಗೆಯೂ ಹೇಳಿಕೊಡುವ ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬೇಡವೆಂದ ರಾಜ್ಯಗಳಲ್ಲಿ ನಮ್ಮದೂ ಒಂದು. ಅಂದು ಹತ್ತನೇ ತರಗತಿಯಲ್ಲಿದ್ದವರು ಇಂದು ಬನಶಂಕರಿಯಲ್ಲಿ ಮಗುವಿಗೆ ಎಲ್‌ಕೆಜಿ ಸೀಟು ಹುಡುಕುತ್ತಿದ್ದಾರೆ. ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುತ್ತದೋ ಏನೋ ಎಂಬ ಅನುಮಾನ ಅವರಲ್ಲಿ ಎಷ್ಟೋ ಜನಕ್ಕೆ ಇನ್ನೂ ಹೋಗಿಲ್ಲ. (ಬರುವುದಿಲ್ಲ. ಬರುವಂತಿದ್ದರೆ ಜೆ.ಪಿ. ನಗರದ ರಾಜಕಾಲುವೆ ಪಕ್ಕ ಒಂದು ಸೈಟೂ ಮಾರಾಟವಾಗುತ್ತಿರಲಿಲ್ಲ.) ಎಚ್‌ಐವಿ ಬರುವ ದಾರಿಗಳಿವು: ಅಸುರಕ್ಷಿತ ಸಂಭೋಗ, ಸೋಂಕಿತ ರಕ್ತ, ಹಂಚಿಕೊಂಡ ಸೂಜಿ, ತಾಯಿಯಿಂದ ಮಗುವಿಗೆ. ಹೇಳಿ ಮುಗಿಸಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವೇ ನಮ್ಮ ಟೈಮ್‌ಟೇಬಲ್ಲಿನಲ್ಲಿ ಕೂರುತ್ತಿಲ್ಲ.

2023ರ ಜನವರಿಯಲ್ಲಿ ಇನ್ನೊಂದು ಗುಲ್ಲೆದ್ದಿತು: ಹದಿನೆಂಟು ತುಂಬದವರಿಗೆ ಮೆಡಿಕಲ್ ಶಾಪಿನಲ್ಲಿ ಕಾಂಡೋಮ್ ಕೊಡುವಂತಿಲ್ಲವಂತೆ. ಅಂಥ ನಿಷೇಧವೇನಿಲ್ಲ, ಅಂಗಡಿಯವರು ಮಕ್ಕಳಿಗೆ ತಿಳಿಹೇಳಲಿ ಎಂದಷ್ಟೇ ಸೂಚಿಸಿದ್ದೇವೆ ಎಂದು ಔಷಧ ನಿಯಂತ್ರಣ ಇಲಾಖೆ ಸ್ಪಷ್ಟನೆ ಕೊಟ್ಟಿತು. ಬಿ.ಎಡ್. ಮಾಡಿದವರು ಜಾರಿಸಿದ ಪಾಠ ಹೀಗೆ ಬಿಟಿಎಂ ಲೇಔಟಿನ ಮೆಡಿಕಲ್ ಶಾಪಿನ ಕೌಂಟರಿಗೆ ಬಂದು ಬಿತ್ತು. ಹಿಂದೆ ಆರು ಜನ ಕ್ಯೂ, ಮುಂದೆ ನೆಲ ನೋಡುತ್ತ ನಿಂತ ಹುಡುಗ. ಅಂಗಡಿಯವನು ಪೊಟ್ಟಣವನ್ನು ಹಳೇ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಗಂಟಲು ಸರಿಮಾಡಿಕೊಂಡು ತಿಳಿಹೇಳುತ್ತಾನೆ: 'ಚಿಲ್ಲರೆ ಇಲ್ಲ, ಫೋನ್‌ಪೇ ಮಾಡು.'