ಐದು ಎಲ್ಬೋ ಹಾಕಿದವನನ್ನು ಕರೆಸಿ!

ಮೊನ್ನೆಯ ಮಳೆಯ ಕತೆ ಮತ್ತೆ ಹೇಳುವುದಿಲ್ಲ; ನಿಮ್ಮಲ್ಲಿ ಅರ್ಧ ಜನ ಇನ್ನೂ ಸೋಫಾ ಒಣಗಿಸುತ್ತಿದ್ದೀರಿ. ಆ ನೀರು ಎಲ್ಲಿಗೆ ಹೋಗಬೇಕಿತ್ತು ಎಂದು ಕೇಳಿದರೆ ಕಡತ ಸದಾ ಪಕ್ಕದ ಇಲಾಖೆಯಲ್ಲಿರುತ್ತದೆ. ಹಾಗಾಗಿ ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಹಾಲಿನಲ್ಲಿ ಮೀನುತೊಟ್ಟಿಯ ಹಿಂದೆ ನಿಂತಿರುವ ಓವರ್‌ಫ್ಲೋ ಪೈಪನ್ನೇ ಮಾತಿಗೆ ಹಿಡಿದೆ. ತೊಟ್ಟಿಯಲ್ಲಿ ಹೆಚ್ಚಾದ ನೀರನ್ನು ಕೆಳಗಿನ ಕಪಾಟಿನ ಸಂಪಿಗೆ ಇಳಿಸುವುದು ಅದರ ಉದ್ಯೋಗ. ಅಲ್ಲಿ ಸೋಸಿದ್ದನ್ನು ಮೋಟರು ಮತ್ತೆ ಮೇಲಕ್ಕೆ ಕಳಿಸುತ್ತದೆ.

ಪ್ರಶ್ನೆ: ನಮಸ್ಕಾರ. ನಮ್ಮ ರಾಜಕಾಲುವೆಗಳ ಬಗ್ಗೆ...

ಪೈಪು: ಮೊದಲು ನನ್ನ ಬೆನ್ನು ನೋಡಿ ಸ್ವಾಮಿ. ಎಲ್ಬೋ ಎಣಿಸಿ. ಐದು! ಮೂರಡಿ ದಾರಿಗೆ ಐದು ಸಲ ಸೊಂಟ ಮುರಿದಿದ್ದಾನೆ. ನಲವತ್ತೈದು ಡಿಗ್ರಿಯ ಎರಡು ಬೆಂಡು ಹಾಕಿದ್ದರೆ ನೀರು ಸಲೀಸಾಗಿ ಜಾರುತ್ತಿತ್ತು. ಅವನ ಚೀಲದಲ್ಲಿ ತೊಂಬತ್ತರದ್ದೇ ಇದ್ದವಂತೆ. ಒಂದು ಯೂನಿಯನ್ ಹಾಕಪ್ಪಾ ಎಂದರೆ, ‘ಬಿಚ್ಚೋ ಪ್ರಮೇಯವೇ ಬರಲ್ಲ ಸಾರ್’ ಅಂತ ಸಲ್ಯೂಷನ್ ಬಳಿದು ಹೋದ. ಈಗ ಬಸವನಹುಳು ಸಿಕ್ಕಿಕೊಂಡರೆ ಆಕ್ಸಾ ಬ್ಲೇಡೇ ಗತಿ.

ಪ್ರಶ್ನೆ: ಬಡಾವಣೆ ಮಾಡುವವರು ರಾಜಕಾಲುವೆಗೂ ಹೀಗೇ ತೊಂಬತ್ತು ಡಿಗ್ರಿ ತಿರುವು ಕೊಡುತ್ತಾರೆ. ನಿಮ್ಮ ಅಭಿಪ್ರಾಯ?

ಪೈಪು: ಮೋಟರಿನ ಡಬ್ಬ ಓದಿದ್ದೀರಾ? ಗಂಟೆಗೆ 3000 ಲೀಟರ್. ಅದು ಸೊನ್ನೆ ಎತ್ತರದ ಲೆಕ್ಕ! ನಾಲ್ಕೂವರೆ ಅಡಿ ಹತ್ತಿ, ತಿರುವು ದಾಟಿ ಬರುವಷ್ಟರಲ್ಲಿ ಒಳ್ಳೆಯ ಪಾಲು ಸೋರಿಹೋಗಿರುತ್ತದೆ. ಇಷ್ಟಕ್ಕೂ 250 ಲೀಟರಿನ ತೊಟ್ಟಿಗೆ ಗಂಟೆಗೆ ನಾಲ್ಕೈದು ಸುತ್ತು ನೀರು ಓಡಿದರೆ ಧಾರಾಳವಾಯಿತು. ಮೋಟರು ಮಾತ್ರ ದುಬಾರಿಯದೇ ಬೇಕು. ನನಗೆ ಬಚ್ಚಲಮನೆ ರಿಪೇರಿಯಲ್ಲಿ ಉಳಿದ ತುಂಡು.

ಪ್ರಶ್ನೆ: ಊರಿನ ಕತೆಯೂ ಅದೇ! 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 775 ದಶಲಕ್ಷ ಲೀಟರ್. ಬೇಡವೆನ್ನುತ್ತಿಲ್ಲ. ಆದರೆ ಬಳಸಿದ ನೀರು ಹೊರಗೆ ಹೋಗುವ ದಾರಿಗೆ ಯಾರಾದರೂ ಅಷ್ಟೇ ಸಡಗರದಿಂದ ಟೇಪು ಕತ್ತರಿಸಿದ್ದನ್ನು ಕಂಡಿರಾ?

ಪೈಪು: ಕಪಾಟಿನ ಹಿಂದೆ ನಿಂತವನಿಗೆ ಏನು ಕಂಡೀತು? ನನ್ನ ಗೊಳಗೊಳ ಸದ್ದಿಗೆ ಧಾರಾವಾಹಿ ಕೇಳಿಸುವುದಿಲ್ಲವೆಂದು ಬಾಯಿಗೆ ಸ್ಪಂಜು ತುರುಕಿದರು, ಅದನ್ನು ಬರೆಯಿರಿ.

ಪ್ರಶ್ನೆ: ಕರೆಂಟು ಹೋದ ರಾತ್ರಿ ಹಾಲೆಲ್ಲ ನೀರಾಯಿತಂತೆ. ನಿಮ್ಮ ಕಡೆಗೇ ಬೊಟ್ಟು ಮಾಡುತ್ತಾರೆ.

ಪೈಪು: ಅಪ್ಪಟ ಸುಳ್ಳು! ನೀರು ನನ್ನ ಬಾಯಿಯ ಮಟ್ಟಕ್ಕೆ ಇಳಿದೊಡನೆ ನನ್ನ ಕೆಲಸ ಮುಗಿಯಿತು. ಮೇಲಕ್ಕೆ ನೀರು ತರುವ ಪೈಪಿದೆಯಲ್ಲ, ಅದರ ಮೂತಿ ತೊಟ್ಟಿಯೊಳಗೆ ಆರಿಂಚು ಮುಳುಗಿದೆ. ಮೋಟರು ನಿಂತದ್ದೇ ತಡ, ಅದು ಹಿಮ್ಮುಖವಾಗಿ ಎಳೆಯತೊಡಗಿತು. ನಾಲ್ಕಡಿಗೆ ಒಂದೂವರೆ ಅಡಿಯ ತೊಟ್ಟಿಯಲ್ಲಿ ಒಂದಿಂಚು ನೀರೆಂದರೆ 14 ಲೀಟರ್. ಆರಿಂಚಿಗೆ 85. ಸಂಪಿನಲ್ಲಿ ಜಾಗವಿದ್ದದ್ದು ಮೂವತ್ತಕ್ಕೆ. ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಆ ಪೈಪಿಗೊಂದು ಸಣ್ಣ ತೂತು ಕೊರೆದಿದ್ದರೆ ಗಾಳಿ ನುಗ್ಗಿ ಎಳೆತ ಕಡಿಯುತ್ತಿತ್ತು.

ಪ್ರಶ್ನೆ: ನಿಮಗೊಬ್ಬ ತಮ್ಮ ಇರಬೇಕಿತ್ತಲ್ಲವೇ?

ಪೈಪು: ಗಾಜಿಗೆ ಎರಡು ತೂತು ಹೊಡೆಸಿದ್ದೇ ಅದಕ್ಕೆ. ನನ್ನ ಗಂಟಲು ಕಟ್ಟಿದ ದಿನ ಅವನು ನೀರು ಇಳಿಸಬೇಕು. ಉಳಿದ ದಿನ ಒಣಗಿಕೊಂಡು ನಿಲ್ಲುವುದೇ ಅವನ ಕೆಲಸ. ‘ಸುಮ್ನೆ ಖಾಲಿ ಇದೆಯಲ್ಲ’ ಎಂದು ಮೋಟರಿನ ಪೈಪನ್ನು ಅದರಲ್ಲೇ ತೂರಿಸಿಬಿಟ್ಟರು.

ಪ್ರಶ್ನೆ: ಖಾಲಿ ಇದೆಯಲ್ಲ! ನೋಡಿ, ಅಲ್ಲೇ ಇರುವುದು ಎಲ್ಲ ಅನಾಹುತದ ಬೇರು. ಬೇಸಿಗೆಯಲ್ಲಿ ಒಣಗಿದ ಕಾಲುವೆ ನಮ್ಮವರ ಕಣ್ಣಿಗೆ ಸೈಟು. ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಬೆಳ್ಳಂದೂರಿನದು ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ. ತೂಬು ಕಾಯಲು ನೀರಗಂಟಿ ಇರುತ್ತಿದ್ದ. ನಡುವಿನ ಕಾಲುವೆ ಮುಚ್ಚಿ ಮನೆ ಎಬ್ಬಿಸಿದೆವು. 2022ರ ಸೆಪ್ಟೆಂಬರಿನಲ್ಲಿ ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು...

ಪೈಪು: ಸ್ವಾಮಿ, ಇದರಲ್ಲಿ ಪ್ರಶ್ನೆ ಯಾವುದು?

ಪ್ರಶ್ನೆ: ಇಲ್ಲ. ಮುಂದುವರಿಸಿ.

ಪೈಪು: ಆ ರಾತ್ರಿಯದು ಇನ್ನೊಂದಿದೆ. ಸಂಪಿನ ಸೆರಾಮಿಕ್ ಉಂಗುರಗಳಲ್ಲಿ ಬ್ಯಾಕ್ಟೀರಿಯಾ ಇವೆ. ಮೀನಿನ ಹೊಲಸಿನ ಅಮೋನಿಯವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು ಅವೇ. ನೆಲೆಯೂರಲು ನಾಲ್ಕಾರು ವಾರ ಬೇಕು. ಹರಿವು ನಿಂತು ಆಮ್ಲಜನಕ ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ಸಾಯತೊಡಗುತ್ತವೆ. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಮನೆಯ ಹುಡುಗಿ ಎದ್ದು, ಲೋಟದಲ್ಲಿ ನೀರು ಮೊಗೆದು ಎತ್ತರದಿಂದ ತೊಟ್ಟಿಗೇ ಸುರಿಯುತ್ತ ನಿಂತಳು. ಕರೆಂಟು ಬರುವವರೆಗೂ.

ಪ್ರಶ್ನೆ: 2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ಮೀನುಗಳೂ ಉಸಿರುಗಟ್ಟಿಯೇ ಸತ್ತವು. ಸಾವಿರಾರು. ಹೊಟ್ಟೆ ಮೇಲಾಗಿ ದಡದುದ್ದಕ್ಕೂ ತೇಲುತ್ತಿದ್ದವು. ನಾವು ಕಕ್ಕಸಿನ ನೀರನ್ನು ಕೆರೆಗೆ ಬಿಡುತ್ತೇವೆ, ಕೆರೆ ಸಾಯುತ್ತದೆ, ಮೂಗು ಮುಚ್ಚಿಕೊಂಡು ಫೋಟೊ ತೆಗೆಯುತ್ತೇವೆ. ಬೆಳ್ಳಂದೂರಿನ ಕೆರೆಗೆ ಬೆಂಕಿಯೇ ಬಿತ್ತು. ನೀರಿಗೆ ಬೆಂಕಿ! ಯಾರ ಕೆಲಸ ಹೋಯಿತು? ಯಾರು ಜೈಲಿಗೆ ಹೋದರು? ಒಂದು ಮಗುವಿಗೆ ತಿಳಿದದ್ದು ಇಷ್ಟು ದೊಡ್ಡ ಆಡಳಿತಕ್ಕೆ ತಿಳಿಯದೇ?

ಪೈಪು: ನನ್ನ ಎಲ್ಬೋ ವಿಷಯ ಬಿಟ್ಟುಬಿಡಬೇಡಿ. ಮತ್ತೆ ನಿಮ್ಮ ಓದುಗರಿಗೆ ಇಷ್ಟು ತಿಳಿಸಿ: ಹೊಸ ತೊಟ್ಟಿ ಇಡುವವರು ಮೀನು ತರುವುದಕ್ಕೆ ಮುಂಚೆ ನೀರು ತುಂಬಿಸಿ, ಮೋಟರು ಓಡಿಸಿ, ಥಟ್ಟನೆ ಸ್ವಿಚ್ಚು ಆರಿಸಲಿ. ಸಂಪು ಉಕ್ಕುವಂತಿದ್ದರೆ ನೀರು ತೆಗೆದು ಮತ್ತೆ ಪರೀಕ್ಷೆ ಮಾಡಲಿ. ಉಕ್ಕದಿದ್ದಾಗ, ಮೋಟರು ಓಡುವಾಗಿನ ಮಟ್ಟಕ್ಕೆ ಸಂಪಿನ ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಲಿ. ಆ ಗೆರೆ ದಾಟಿ ಒಂದು ಚೊಂಬು ನೀರೂ ಹಾಕಕೂಡದು.