ಫುಟ್‌ಬಾಲ್ ಎಂಬ ಕೆಟ್ಟ ಚಿತ್ರಕಥೆ

‘ಇವೆಲ್ಲಾ ಸಿನಿಮಾದಾಗಷ್ಟೇ ಆಗ್ತಾವ್ರಿ’ ಎಂಬ ತೀರ್ಪು ರಾಯಚೂರಿನ ಥಿಯೇಟರಿನಿಂದ ಹೊರಬೀಳುವವರ ಬಾಯಲ್ಲಿ ಸದಾ ಸಿದ್ಧ. ತಲೆಗೆ ಪಟ್ಟಿ ಕಟ್ಟಿಕೊಂಡವನೇ ಗೋಲು ಹೊಡೆದರೆ, ಸಾವು ಬೆನ್ನಿಗಿದ್ದ ಕೋಚ್ ಕಪ್ ಗೆಲ್ಲಿಸಿದರೆ, ಮಳೆ ಕ್ಲೈಮ್ಯಾಕ್ಸಿಗೇ ಬಂದು ಸುರಿದರೆ, ದೇವದುರ್ಗದಲ್ಲೂ ಮಾನ್ವಿಯಲ್ಲೂ ಜನ ಒಳಗೆ ಸೀಟಿ ಹೊಡೆಯುತ್ತಾರೆ, ಹೊರಗೆ ಬಂದು ನಗುತ್ತಾರೆ. ನನ್ನ ವಾದ ಇದಕ್ಕೆ ಉಲ್ಟಾ. ಕ್ರೀಡಾ ಸಿನಿಮಾದವರು ಸುಳ್ಳು ಹೇಳುವುದು ನಿಜವೇ. ಆದರೆ ಅವರು ಇಲ್ಲದ್ದನ್ನು ಸೇರಿಸುವುದಕ್ಕಿಂತ ಇದ್ದದ್ದನ್ನು ಮುಚ್ಚಿಡುವುದೇ ಹೆಚ್ಚು. ಮೈದಾನದಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆದುಕೊಟ್ಟರೆ ಯಾವ ನಿರ್ಮಾಪಕನೂ ಎರಡನೇ ಪುಟ ತಿರುವಲಾರ.

ಸಾಕ್ಷಿಗೆ ಹತ್ತಿರದವರನ್ನೇ ಕರೆಯೋಣ: ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಮೊದಲು ಶಾಲಾ ಮೇಷ್ಟ್ರು, ಆಮೇಲೆ ಭಾರತ ತಂಡದ ಕೋಚ್. ಈ ಜಿಲ್ಲೆಗೆ ಅವರು ಪರಊರಿನವರಲ್ಲ. 1956ರ ನವೆಂಬರ್ 1ರವರೆಗೆ ರಾಯಚೂರು ಇದ್ದದ್ದು ಹೈದರಾಬಾದ್ ರಾಜ್ಯದಲ್ಲೇ. ನಾವು ಮೈಸೂರು ರಾಜ್ಯಕ್ಕೆ ಸೇರಿ ಒಂದೇ ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ರಹೀಂ ಅವರ ಹುಡುಗರು ಆಸ್ಟ್ರೇಲಿಯಾವನ್ನು ಅದರದೇ ನೆಲದಲ್ಲಿ 4-2ರಿಂದ ಸೋಲಿಸಿದರು. (ನಾವು ಎದ್ದು ಬಂದ ಮೇಲೆಯೇ ಊಟ ಬಡಿಸುವುದು, ನಮ್ಮ ಜಿಲ್ಲೆಯ ಗಳಿಗೆ ಯಾವತ್ತೂ ಹೀಗೇ.) ಇನ್ನು 1962ರ ಜಕಾರ್ತಾ ಏಷ್ಯನ್ ಗೇಮ್ಸ್. ಡಿಫೆಂಡರ್ ಜರ್ನೈಲ್ ಸಿಂಗ್ ತಲೆ ಒಡೆದು ಹೊಲಿಗೆ ಬಿದ್ದಿತ್ತು. ಬುದ್ಧಿ ಇದ್ದ ಕೋಚ್ ಅವರನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದ. ರಹೀಂ ಸೆಂಟರ್ ಫಾರ್ವರ್ಡ್ ಮಾಡಿ ಮುಂದಕ್ಕೆ ಕಳಿಸಿದರು. ಸೆಮಿಫೈನಲಿನಲ್ಲಿ ಒಂದು ಗೋಲು, ಫೈನಲಿನಲ್ಲಿ ಇನ್ನೊಂದು. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಆಗಷ್ಟೇ ಎದ್ದು ಬಂದವರು. ಕ್ರೀಡಾಂಗಣದ ತುಂಬಾ ಭಾರತವನ್ನು ಬೈಯುವ ಜನ. ದಕ್ಷಿಣ ಕೊರಿಯಾದ ವಿರುದ್ಧ 2-1, ಚಿನ್ನ. ಕೋಚ್‌ಗೆ ಶ್ವಾಸಕೋಶದ ಕ್ಯಾನ್ಸರ್; ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಹೊಲಿಗೆ, ಜ್ವರ, ಕ್ಯಾನ್ಸರ್, ಶತ್ರುಗಳ ಗ್ಯಾಲರಿ — ಇಷ್ಟನ್ನೂ ಒಂದೇ ಕತೆಗೆ ತುಂಬಿದ ಲೇಖಕನಿಗೆ ಯಾವ ಸಂಪಾದಕನಾದರೂ ‘ಎರಡು ಕಾಯಿಲೆ ತೆಗೀರಿ’ ಎನ್ನುತ್ತಿದ್ದ. ಅಜಯ್ ದೇವಗನ್ ರಹೀಂ ಆಗಿ ನಟಿಸಿದ ‘ಮೈದಾನ್’ ತೆರೆಗೆ ಬಂದದ್ದು 2024ರಲ್ಲಿ. ಇದನ್ನು ಸಿನಿಮಾ ಮಾಡುವ ಧೈರ್ಯ ಬರಲು ಆರು ದಶಕ ಹಿಡಿದರೆ ಆಶ್ಚರ್ಯವೇನೂ ಇಲ್ಲ.

ಇಲ್ಲಿ ಒಂದು ತಕರಾರು ಏಳುತ್ತದೆ, ಅದು ಸಣ್ಣದೂ ಅಲ್ಲ. ಸಾವಿರಾರು ಪಂದ್ಯಗಳಲ್ಲಿ ಬಹುಪಾಲು ಆಕಳಿಕೆ ತರಿಸುವಂಥವು. ನೀವು ಹೆಕ್ಕಿದ ನಾಲ್ಕನ್ನು ತೋರಿಸಿ ವಾದ ಗೆಲ್ಲುತ್ತೀರಿ ಎಂಬುದು. ಒಪ್ಪಿದೆ. ಆದರೆ ಆ ನೀರಸತನವೂ ನನ್ನ ಕಡೆಯ ಸಾಕ್ಷಿಯೇ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಬೆಂಗಳೂರು ಎಫ್‌ಸಿ ಮತ್ತು ಎಫ್‌ಸಿ ಗೋವಾ ನಡುವೆ ಐಎಸ್‌ಎಲ್ ಫೈನಲ್. 116 ನಿಮಿಷ ಗೋಲೇ ಇಲ್ಲ. ನಾಯಕ ಸುನಿಲ್ ಛೆಟ್ರಿ ಅಲ್ಲೇ ಇದ್ದಾರೆ, ಜನ ಕಾಯುತ್ತಿದ್ದಾರೆ. 117ನೇ ನಿಮಿಷದಲ್ಲಿ ಕಾರ್ನರ್‌ಗೆ ತಲೆ ಕೊಟ್ಟು ಕಪ್ ತಂದದ್ದು ರಾಹುಲ್ ಭೇಕೆ, ಒಬ್ಬ ಡಿಫೆಂಡರ್. ದೊಡ್ಡಾಟದಲ್ಲಿ ರಾತ್ರಿಯೆಲ್ಲಾ ಕಾದು, ಕೋಳಿ ಕೂಗುವ ಹೊತ್ತಿಗೆ ಅರ್ಜುನನ ಬದಲು ದ್ವಾರಪಾಲಕ ಬಂದು ಕರ್ಣನನ್ನು ಕೊಂದ ಹಾಗೆ. ಇಂಥ ಬೇಸರವನ್ನು ಕತ್ತರಿಸಿ ಎಸೆಯಲೆಂದೇ ಸಿನಿಮಾದಲ್ಲಿ ಎಡಿಟರ್‌ಗೆ ಸಂಬಳ. ಫುಟ್‌ಬಾಲಿಗೆ ಎಡಿಟರ್ ಇಲ್ಲ.

ಎರಡನೆಯ ತಕರಾರು ಇನ್ನೂ ಚುರುಕು: ಸಿನಿಮಾದಲ್ಲಿ ನಮ್ಮವರು ಗೆಲ್ಲುತ್ತಾರೆ, ಪಂದ್ಯದಲ್ಲಿ ಹಾಗೇನಿಲ್ಲವಲ್ಲ? 2015ರ ಮೇ 31ರ ಕಂಠೀರವ ನೋಡಿ. ಐ-ಲೀಗ್‌ನ ಕೊನೆಯ ಪಂದ್ಯ, ಮಳೆ. ಬೆಂಗಳೂರಿಗೆ ಗೆಲುವೇ ಬೇಕು, ಮೋಹನ್ ಬಗಾನ್‌ಗೆ ಡ್ರಾ ಸಾಕು. ಜಾನ್ ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದೆ. 87ನೇ ನಿಮಿಷಕ್ಕೆ ಬೆಲ್ಲೊ ರಜಾಕ್ ತಲೆಯಿಂದ ಸಮಬಲ. ಹದಿಮೂರು ವರ್ಷದ ಮೇಲೆ ಕಪ್ ಬಗಾನ್‌ಗೆ. ನಮ್ಮವರು ಕಪ್ ಕಳೆದುಕೊಂಡರು, ಸರಿ. ಆದರೆ ಅದೇ ಮಳೆಯಲ್ಲಿ ಆ ಕಡೆಯ ಗ್ಯಾಲರಿಯವರು ನೋಡಿದ್ದು ಅಪ್ಪಟ ಶತದಿನೋತ್ಸವದ ಚಿತ್ರ. ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ, ಯಾವುದು ಸಿಗುತ್ತದೆಂಬುದು ಕೂತ ಸೀಟಿನ ಮೇಲೆ. ‘ಲಗಾನ್’ ಕೂಡ ಕ್ಯಾಪ್ಟನ್ ರಸೆಲ್‌ನ ಮನೆಯವರಿಗೆ ದುರಂತ ಚಿತ್ರವೇ ತಾನೆ?

ಆದರೆ ನನ್ನ ವಾದಕ್ಕೆ ಬೆನ್ನೆಲುಬಾಗಿ ನಿಲ್ಲುವುದು 2023ರ ಮಾರ್ಚ್‌ನ ಒಂದು ಶುಕ್ರವಾರ ಮತ್ತು ಅದರ ಮರುದಿನ. ಶುಕ್ರವಾರ, 3ನೇ ತಾರೀಖು, ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ನಾಕೌಟ್ ಪಂದ್ಯ, ಹೆಚ್ಚುವರಿ ಅವಧಿ. ಎದುರಾಳಿಗಳು ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿರುವಾಗಲೇ ಛೆಟ್ರಿ ಫ್ರೀಕಿಕ್ ಒದ್ದು ಗೋಲು ಮಾಡಿದರು. ಕೇರಳದ ಕೋಚ್ ಸಿಟ್ಟಿಗೆದ್ದು ಇಡೀ ತಂಡವನ್ನೇ ಮೈದಾನದಿಂದ ಹೊರಗೆ ಕರೆದೊಯ್ದರು. ಕ್ಲೈಮ್ಯಾಕ್ಸಿನ ನಡುವೆ ಖಳರು ಮನೆಗೆ ಹೋದರೆ ನಾಯಕ ಯಾರ ಜೊತೆ ಬಡಿದಾಡಬೇಕು? ಪಂದ್ಯ ಅಲ್ಲಿಗೇ ಮುಗಿಯಿತು. ಇದನ್ನು ಅರಗಿಸಿಕೊಳ್ಳುವ ಮೊದಲೇ ಶನಿವಾರ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್. ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಹಿಂದಿನ ಬಾರಿ ಕಪ್ ಬಂದದ್ದು 1968-69ರಲ್ಲಿ, 54 ವರ್ಷದ ಕೆಳಗೆ. ಆಗ ತಂಡದ ಹೆಸರು ಮೈಸೂರು. ರಾಜ್ಯದ ಹೆಸರು ಬದಲಾದದ್ದೇ 1973ರಲ್ಲಿ. ಹಾಗಾಗಿ ಕರ್ನಾಟಕ ಎಂಬ ಹೆಸರಿಗೆ ಸಿಕ್ಕ ಮೊದಲ ಸಂತೋಷ್ ಟ್ರೋಫಿ ಅದು. ಆ ಮೂರು ಗೋಲುಗಳಲ್ಲಿ ಒಂದು ರಾಬಿನ್ ಯಾದವ್ ಹೊಡೆದದ್ದು, ಅದೂ ಫ್ರೀಕಿಕ್‌ನಿಂದಲೇ. ಈ ಎರಡು ದಿನಗಳನ್ನು ಯಾರಾದರೂ ಸಿನಿಮಾ ಮಾಡುವುದಾದರೆ ಶನಿವಾರದ ಫ್ರೀಕಿಕ್ಕನ್ನು ತೆಗೆದು ಪೆನಾಲ್ಟಿ ಮಾಡಿಬಿಡಿ. ಎರಡೆರಡು ದಿನ ಫ್ರೀಕಿಕ್ ಎಂದರೆ ಮಾನ್ವಿಯವರು ನಂಬಲಿಕ್ಕಿಲ್ಲ.