ಸುಂಕದವನಿಲ್ಲದ ಸುಂಕ: ಒಂದು ತಗಾದೆ ಪತ್ರದ ಸಂದರ್ಶನ

ತಗಾದೆ ಎಂದರೆ ಬರಬೇಕಾದ ಹಣವನ್ನು ಮತ್ತೆ ಮತ್ತೆ ಕೇಳುವುದು. ಕೇಳುವವನು ಖುದ್ದಾಗಿ ಬಂದು, ಜಗಲಿಯ ಮೇಲೆ ಕುಳಿತು, ಕವಳದ ಹರಿವಾಣವನ್ನು ತನ್ನತ್ತ ಎಳೆದುಕೊಂಡು ಕೇಳಿದರೆ ಅದು ಬಾಯಿ ತಗಾದೆ. ಮುಖ ತೋರಿಸದೆ ಕಾಗದದಲ್ಲಿ ಕೇಳಿದರೆ ತಗಾದೆ ಪತ್ರ. ಈ ಎರಡನೆಯ ಜಾತಿಯಲ್ಲಿ ಈಚೆಗೆ ಒಂದು ಹೊಸ ಒಳಪಂಗಡ ಹುಟ್ಟಿಕೊಂಡಿದ್ದು, ಅದು ಯಾರಿಂದಲೂ ಸಾಲ ಪಡೆಯದ ಗೃಹಸ್ಥನಿಗೆ, ಆತ ವಿದೇಶದಿಂದ ಒಂದು ಸಾಮಾನು ತರಿಸಿಕೊಂಡನೆಂಬ ಕಾರಣಕ್ಕೆ, ಸಾಮಾನು ಕೈಸೇರಿ ತಿಂಗಳು ಕಳೆದ ಮೇಲೆ ಬರುತ್ತದೆ. ಇಲ್ಲಿ ಸಂದರ್ಶನಕ್ಕೆ ಒಳಗಾಗಿರುವುದು ಅಂಥದೊಂದು ಪತ್ರ. ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಮೇಲಿನ ಕಿರವತ್ತಿಯಲ್ಲಿ, ಒಂದು ಮನೆಯ ಕಂಬಕ್ಕೆ ಕಟ್ಟಿದ ತಂತಿಯಲ್ಲಿ, ಕರೆಂಟಿನ ಬಿಲ್ಲಿಗೂ ಸೊಸೈಟಿಯ ನೋಟೀಸಿಗೂ ನಡುವೆ ಪೋಣಿಸಲ್ಪಟ್ಟಿರುವ ಈ ಪತ್ರ ಕಾಲ್ಪನಿಕವಾದುದು. ಅದು ಎತ್ತಿಹೇಳುವ ಕಾಯಿದೆಗಳು ಮಾತ್ರ ಕಾಲ್ಪನಿಕವಲ್ಲ.

ಸಂದರ್ಶನದ ಭಾಷೆಯ ಬಗ್ಗೆ ಒಂದು ಟಿಪ್ಪಣಿ ಅಗತ್ಯ. ವ್ಯಾಕರಣದಲ್ಲಿ ಮಾತನಾಡುವವನನ್ನು ಸೂಚಿಸುವ ರೂಪಕ್ಕೆ ಉತ್ತಮ ಪುರುಷ ಎಂದು ಹೆಸರು. ತಗಾದೆ ಪತ್ರಗಳಲ್ಲಿ ಎಲ್ಲವೂ ‘ತಿಳಿಯಪಡಿಸಲಾಗಿದೆ’, ‘ಗಮನಿಸಲಾಗಿದೆ’, ‘ಕ್ರಮ ಜರುಗಿಸಲಾಗುವುದು’ ಎಂಬ ಕರ್ಮಣಿ ಪ್ರಯೋಗದಲ್ಲಿಯೇ ಸಾಗುವುದರಿಂದ, ಅವುಗಳಲ್ಲಿ ಉತ್ತಮ ಪುರುಷ ಯಾವ ಅರ್ಥದಲ್ಲಿಯೂ ಸಿಗುವುದಿಲ್ಲ. ಪತ್ರವು ತನ್ನ ಬಗ್ಗೆ ‘ಈ ಪತ್ರವು’ ಎಂದೇ ಹೇಳಿಕೊಂಡಿರುವುದನ್ನು ಇಲ್ಲಿ ತಿದ್ದಿಲ್ಲ.

ಪ್ರಶ್ನೆ: ತಾವು ಬಂದ ಕಾರಣವನ್ನು ತಿಳಿಸಬಹುದೇ?

ಪತ್ರ: 2023ರಲ್ಲಿ ಈ ಮನೆಯ ಯಜಮಾನರು ವೀಡ್ ಕಟರ್ ಎಂಬ ಕಳೆ ಕತ್ತರಿಸುವ ಯಂತ್ರಕ್ಕೆ ಒಂದು ಕಾರ್ಬೊರೇಟರನ್ನು ವಿದೇಶದಿಂದ ತರಿಸಿಕೊಂಡಿರುತ್ತಾರೆ. ಬಿಡಿಭಾಗದ ಬೆಲೆ 3,000 ರೂಪಾಯಿ, ಸಾಗಣೆ ವೆಚ್ಚ 1,000 ರೂಪಾಯಿ. ತತ್ಸಂಬಂಧ ಬಾಕಿ ಉಳಿದಿರುವ ಮೊತ್ತ 3,976 ರೂಪಾಯಿ 20 ಪೈಸೆ ಎಂದು ಈ ಪತ್ರವು ತಿಳಿಯಪಡಿಸುತ್ತದೆ.

ಪ್ರಶ್ನೆ: ನಾಲ್ಕು ಸಾವಿರದ ಸಾಮಾನಿಗೆ ನಾಲ್ಕು ಸಾವಿರದ ಬಾಕಿ. ಕಾಗದವನ್ನು ಓದಿಸಿಕೊಂಡ ಈ ಮನೆಯ ಅಜ್ಜಿ ‘ಎಮ್ಮೀಗಿಂತ ಹಗ್ಗದ ರೊಕ್ಕಾನ ಜಾಸ್ತಿ ಆತಲ್ಲ’ ಎಂದರಂತೆ. ಹಗ್ಗಕ್ಕೆ ಇಷ್ಟು ಬೆಲೆ ಹೇಗೆ ಬಂತು?

ಪತ್ರ: ಲೆಕ್ಕ ಸರಳವಾದುದು. ಸುಂಕವನ್ನು ಸಾಮಾನಿನ ಬೆಲೆಯ ಮೇಲಷ್ಟೇ ಹಾಕುವುದಿಲ್ಲ. ಸಾಗಣೆಯನ್ನೂ ವಿಮೆಯನ್ನೂ ಕೂಡಿಸಿ ಬಂದ ಮೊತ್ತದ ಮೇಲೆ ಹಾಕಲಾಗುತ್ತದೆ. ವಿಮೆಯನ್ನು ಬದಿಗಿಟ್ಟು 4,000 ಎಂದು ಹಿಡಿದರೆ, ಸ್ವಂತ ಬಳಕೆಗೆ ಅಂಚೆ ಅಥವಾ ವಿಮಾನದಲ್ಲಿ ಬರುವ ಸಾಮಾನಿಗೆ ಆಗ ಇದ್ದ ಮೂಲ ಸೀಮಾ ಸುಂಕ ಶೇಕಡಾ 35ರಂತೆ 1,400 ರೂಪಾಯಿ. ಆ ಸುಂಕದ ಮೇಲೆ ಶೇಕಡಾ 10ರಂತೆ ಸಮಾಜ ಕಲ್ಯಾಣ ಮೇಲ್ತೆರಿಗೆ 140. ಈ ಮೂರನ್ನೂ ಕೂಡಿಸಿ ಬಂದ 5,540ರ ಮೇಲೆ ಶೇಕಡಾ 28ರಂತೆ ಸಮಗ್ರ ಸರಕು ಮತ್ತು ಸೇವಾ ತೆರಿಗೆ 1,551 ರೂಪಾಯಿ 20 ಪೈಸೆ. ಒಟ್ಟು 3,091 ರೂಪಾಯಿ 20 ಪೈಸೆ, ಅಂದರೆ ಶೇಕಡಾ 77.28. ಉಳಿದುದು ಕೊರಿಯರ್ ಸಂಸ್ಥೆಯ ಮುಂಗಡ ಪಾವತಿ ಶುಲ್ಕ 750 ಮತ್ತು ಅದರ ಮೇಲಿನ ಜಿಎಸ್‌ಟಿ 135.

ಸುಂಕದ ಮೇಲೆ ಮೇಲ್ತೆರಿಗೆ, ಮೇಲ್ತೆರಿಗೆಯ ಮೇಲೂ ತೆರಿಗೆ ಎಂಬ ಈ ಏರಿಕೆ ಅರಬೈಲು ಘಟ್ಟದ ತಿರುವುಗಳನ್ನು ನೆನಪಿಸುತ್ತದೆ: ಒಂದು ತಿರುವು ಮುಗಿಯಿತೆನ್ನುವಾಗ ಇನ್ನೊಂದು ಎದುರಾಗುತ್ತದೆ. 2025ರಿಂದ ಈ ದರಗಳು ಇಳಿಯುತ್ತ ಬಂದಿವೆ.

ಪ್ರಶ್ನೆ: ಶೇಕಡಾ ಲೆಕ್ಕ ಹಾಗಿರಲಿ. ಇಪ್ಪತ್ತು ಪೈಸೆಯನ್ನು ಯಜಮಾನರು ಯಾವ ನಾಣ್ಯದಲ್ಲಿ ಕೊಡಬೇಕು? ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ನಿಂತುಹೋಗಿದೆ.

ಪತ್ರ: ಪಾವತಿಯನ್ನು ಆನ್‌ಲೈನ್ ಮೂಲಕ ಮಾಡತಕ್ಕದ್ದು.

ಪ್ರಶ್ನೆ: ಅದಕ್ಕಿಂತ ದೊಡ್ಡ ತೊಡಕೊಂದಿದೆ. 1962ರ ಸೀಮಾ ಸುಂಕ ಕಾಯಿದೆಯ 154ಎ ಕಲಮಿನ ಪ್ರಕಾರ ಸುಂಕ, ಬಡ್ಡಿ, ದಂಡ ಎಲ್ಲವನ್ನೂ ಹತ್ತಿರದ ರೂಪಾಯಿಗೆ ಸರಿಗೊಳಿಸಬೇಕು. ಸರ್ಕಾರದ ಖಜಾನೆಗೆ ಇಪ್ಪತ್ತು ಪೈಸೆ ಹೋಗುವ ದಾರಿಯೇ ಇಲ್ಲದಿರುವಾಗ, ತಾವು ಹೇಳುತ್ತಿರುವ ಅಂಕಿ ಸುಂಕದ ಕಚೇರಿಯದೋ, ಕೊರಿಯರ್ ಸಂಸ್ಥೆಯ ಕಂಪ್ಯೂಟರಿನದೋ?

ಪತ್ರ: ಪ್ರಶ್ನೆಯನ್ನು ಗಮನಿಸಲಾಗಿದೆ.

ಈ ಉತ್ತರದ ನಂತರ ಪತ್ರವು ಕೆಲಹೊತ್ತು ಗಾಳಿಗೆ ಅಲುಗಾಡಿತೇ ಹೊರತು ಮಾತನಾಡಲಿಲ್ಲ. ಇಪ್ಪತ್ತು ಪೈಸೆಯ ಮಾತು ಕ್ಷುಲ್ಲಕವೆಂದು ತೋರಬಹುದು. ಆದರೆ ಪತ್ರದ ಹುಟ್ಟೂರನ್ನು ಬಯಲುಮಾಡುವುದು ಅದೇ. ವಿದೇಶದ ಪೊಟ್ಟಣ ಅಂಚೆಯ ಮೂಲಕ ಬಂದರೆ, ವಿದೇಶಿ ಅಂಚೆ ಕಚೇರಿಯಲ್ಲಿ ಸುಂಕದ ಅಧಿಕಾರಿಗಳು ಮೊತ್ತವನ್ನು ನಿಗದಿಮಾಡುತ್ತಾರೆ, ಅಂಚೆಯವನು ಮನೆಬಾಗಿಲಲ್ಲಿ ಹಣ ಪಡೆದು ಪೊಟ್ಟಣ ಕೊಡುತ್ತಾನೆ, ಬೇಡವೆಂದರೆ ಹಿಂದಕ್ಕೆ ಒಯ್ಯುತ್ತಾನೆ. ಕೊರಿಯರಿನಲ್ಲಿ ಬಂದರೆ ಸಂಸ್ಥೆಯೇ ಬಿಲ್ ಆಫ್ ಎಂಟ್ರಿ ಎಂಬ ಆಮದು ವಿವರಪತ್ರವನ್ನು ಸಲ್ಲಿಸಿ, ಸುಂಕವನ್ನು ತನ್ನ ಕೈಯಿಂದ ಕಟ್ಟಿ, ಹಲವು ಸಲ ಪೊಟ್ಟಣವನ್ನು ಮೊದಲು ತಲುಪಿಸಿ, ಆಮೇಲೆ ಹಣ ಕೇಳುತ್ತದೆ. ಗ್ರಾಹಕ ತನಗರಿವಿಲ್ಲದೆಯೇ ಸಾಲಗಾರನಾಗುವುದು ಈ ಎರಡನೆಯ ದಾರಿಯಲ್ಲಿ.

ಪ್ರಶ್ನೆ: ಸುಂಕ ಎಂಬುದು ತಮಗೆ ಗೊತ್ತಿರುವಷ್ಟು ಹೊಸದಲ್ಲ. ಈ ಸೀಮೆಗೆ ಶಾಸನಗಳ ಕಾಲದ ಸುಂಕದ ನೆನಪಿದೆ. ತಮ್ಮ ಪೂರ್ವಿಕರ ಪರಿಚಯ ತಮಗಿದೆಯೇ?

ಪತ್ರ: ಈ ಪತ್ರಕ್ಕೆ ಪೂರ್ವಿಕರಿಲ್ಲ, ಉಲ್ಲೇಖ ಸಂಖ್ಯೆ ಇದೆ.

ಪರಿಚಯವನ್ನು ಇಲ್ಲಿಯೇ ಮಾಡಿಕೊಡಬೇಕಾಗುತ್ತದೆ. ಚಾಲುಕ್ಯರ ಮತ್ತು ಹೊಯ್ಸಳರ ಕಾಲದ ಶಾಸನಗಳಲ್ಲಿ ಸುಂಕವನ್ನು ನೋಡಿಕೊಳ್ಳುವ ಅಧಿಕಾರಿಗೆ ಸುಂಕವೆರ್ಗಡೆ ಎಂಬ ಹೆಸರಿದೆ. ಆತ ಬಂದ ಸುಂಕದಲ್ಲಿ ಒಂದು ಪಾಲನ್ನು ದೇವರ ದೀಪಕ್ಕೆ ಬಿಟ್ಟುಕೊಟ್ಟದ್ದೂ ಉಂಟು. ದೊಡ್ಡ ಸುಂಕಕ್ಕೆ ಪೆರ್ಜುಂಕ ಅಥವಾ ಹೆಜ್ಜುಂಕ ಎಂದೂ, ಸಣ್ಣಪುಟ್ಟ ಸುಂಕಗಳಿಗೆ ಕಿರುಕುಳ ಎಂದೂ ಹೆಸರಿತ್ತು. ಇಂದಿನ ಕನ್ನಡದಲ್ಲಿ ಆ ಎರಡನೆಯ ಪದಕ್ಕೆ ಯಾವ ಅರ್ಥವಿದೆಯೆಂದು ಯಾರಿಗೂ ವಿವರಿಸಬೇಕಿಲ್ಲ. ಕೊರಿಯರಿನ ಮುಂಗಡ ಪಾವತಿ ಶುಲ್ಕವನ್ನು ಹೆಸರಿಸಲು ಎರಡೂ ಅರ್ಥಗಳಲ್ಲಿ ಒಗ್ಗುವ ಇಂಥ ಪದ ಬೇರೆ ಭಾಷೆಯಲ್ಲಿ ಸಿಗುವುದು ಅನುಮಾನ. ಘಟ್ಟದ ಮೇಲಿನ ಅಡಿಕೆ, ಮೆಣಸು ಹೇರೆತ್ತುಗಳ ಬೆನ್ನೇರಿ ಕರಾವಳಿಗೆ ಇಳಿದು, ಅಲ್ಲಿಂದ ಉಪ್ಪು ಮೇಲಕ್ಕೆ ಬರುತ್ತಿದ್ದ ಕಾಲದಲ್ಲಿ ಸುಂಕದ ಕಟ್ಟೆ ದಾರಿಗೆ ಅಡ್ಡಲಾಗಿಯೇ ಇರುತ್ತಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲ ಎಂಬ ಗಾದೆ ಹುಟ್ಟಿದ್ದು ಅಂಥ ಕಟ್ಟೆಗಳ ಮುಂದೆಯೇ ಇರಬೇಕು. ಆದರೂ ಆ ಗಾದೆಯಲ್ಲಿ ಒಂದು ಅನುಕೂಲ ಅಡಗಿದೆ: ಹೇಳಿಕೊಳ್ಳಲು ಸುಂಕದವನೊಬ್ಬ ಎದುರಿಗಿದ್ದ, ಹೇರು ಕಟ್ಟೆ ದಾಟುವ ಮೊದಲೇ ಮೊತ್ತ ತಿಳಿಯುತ್ತಿತ್ತು, ಒಪ್ಪದಿದ್ದರೆ ಎತ್ತನ್ನು ಹಿಂದಕ್ಕೆ ತಿರುಗಿಸಬಹುದಿತ್ತು.

ಪ್ರಶ್ನೆ: ದೂರ ಹೋಗುವುದು ಬೇಡ. ಇದೇ ಕಿರವತ್ತಿಯಲ್ಲಿ ಅರಣ್ಯ ಇಲಾಖೆಯ ಮರದ ಡಿಪೋ ಇದೆ. ಅಲ್ಲಿ ತೇಗದ ದಿಮ್ಮಿಗಳನ್ನು ಲಾಟುಗಳಾಗಿ ಜೋಡಿಸಿ, ಸಂಖ್ಯೆ ಬರೆದು ಹರಾಜು ಹಾಕುವಾಗ, ಬಂದ ಬೆಲೆಯ ಮೇಲೆ ಯಾವ ತೆರಿಗೆ ಬೀಳುತ್ತದೆಂಬುದು ಕೊಳ್ಳುವವನಿಗೆ ಮೊದಲೇ ಗೊತ್ತಿರುತ್ತದೆ. ಹಣ ಕಟ್ಟದೆ ದಿಮ್ಮಿ ಗೇಟು ದಾಟುವುದಿಲ್ಲ. ತಾವೇಕೆ ಮೊದಲೇ ಬರಲಿಲ್ಲ?

ಪತ್ರ: ಷರತ್ತುಗಳನ್ನು ಖರೀದಿಯ ಸಮಯದಲ್ಲಿ ಒಪ್ಪಿಕೊಳ್ಳಲಾಗಿದೆ. ಯಜಮಾನರು ಚೌಕದೊಳಗೆ ಟಿಕ್ ಮಾಡಿರುತ್ತಾರೆ.

ಪ್ರಶ್ನೆ: ಆ ಷರತ್ತುಗಳಲ್ಲಿ ‘ಆಮದು ಸುಂಕಗಳು ಅನ್ವಯವಾಗಬಹುದು’ ಎಂದಿತ್ತೇ ಹೊರತು ಎಷ್ಟೆಂದಿರಲಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ಮಾರುವವನು ಎಲ್ಲ ಶುಲ್ಕ, ತೆರಿಗೆಗಳನ್ನು ಸೇರಿಸಿದ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ, ಅದರ ಬಿಡಿ ವಿವರಗಳೊಡನೆ ತೋರಿಸಬೇಕೆನ್ನುತ್ತವೆ; ಭಾರತದ ಗ್ರಾಹಕರಿಗೆ ಕ್ರಮಬದ್ಧವಾಗಿ ಮಾರುವ ವಿದೇಶಿ ಸಂಸ್ಥೆಗಳಿಗೂ ಅವು ಅನ್ವಯಿಸುತ್ತವೆ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳು ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿದ್ದು, ಬೆಲೆಯನ್ನು ಒಮ್ಮೆಗೇ ಹೇಳದೆ ಹನಿಹನಿಯಾಗಿ ಬಿಡುವುದೂ ಅವುಗಳಲ್ಲಿ ಒಂದು. ಇಲ್ಲಿ ಕೊನೆಯ ಹನಿ ಬಿದ್ದದ್ದು ತಿಂಗಳ ಮೇಲೆ.

ಪತ್ರ: ಈ ಪತ್ರವು ಮಾರಿದವರ ಪರವಾಗಿ ಬಂದಿರುವುದಿಲ್ಲ. ಕೊರಿಯರ್ ಸಂಸ್ಥೆಯ ಪರವಾಗಿಯೂ ನೇರವಾಗಿ ಬಂದಿರುವುದಿಲ್ಲ. ಸಂಸ್ಥೆಯು ವಸೂಲಿಗೆ ನೇಮಿಸಿದ ಏಜೆನ್ಸಿಯ ಪರವಾಗಿ ಬಂದಿದೆ.

ಪ್ರಶ್ನೆ: ಹಾಗಿದ್ದರೆ ‘ಕಾನೂನು ಕ್ರಮ’ ಎಂದು ದಪ್ಪಕ್ಷರದಲ್ಲಿ ಬರೆದಿರುವುದು ಯಾವ ಕ್ರಮ? ಸರ್ಕಾರಕ್ಕೆ ಸುಂಕ ಬಾಕಿಯಿದ್ದರೆ ಸೀಮಾ ಸುಂಕ ಕಾಯಿದೆಯ 28ನೆಯ ಕಲಮಿನಡಿ ಅಧಿಕಾರಿ ನೋಟೀಸು ಕೊಡಬೇಕು. ಇಲ್ಲಿ ಸುಂಕ ಆಗಲೇ ಸಂದಾಯವಾಗಿದೆ. ಉಳಿದದ್ದು ಇಬ್ಬರು ಖಾಸಗಿಯವರ ನಡುವಿನ ಲೆಕ್ಕ; ಅದಕ್ಕೆ ದಾರಿ ಸಿವಿಲ್ ದಾವೆ, ಅವಧಿ ಸಾಮಾನ್ಯವಾಗಿ ಮೂರು ವರ್ಷ.

ಪತ್ರ: ದಪ್ಪಕ್ಷರವು ಕ್ರಮದ ಒಂದು ಭಾಗವಾಗಿದೆ.

ಇಡೀ ಸಂದರ್ಶನದಲ್ಲಿ ಪತ್ರವು ಹೇಳಿದ ಅತ್ಯಂತ ಪ್ರಾಮಾಣಿಕ ಮಾತು ಇದು. ವಸೂಲಿ ಏಜೆನ್ಸಿಗೆ ಜಪ್ತಿಯ ಅಧಿಕಾರವಿಲ್ಲ. ಹಾಗೆಂದು ಹಣವೇ ಕೊಡಬೇಕಿಲ್ಲ ಎಂಬ ತೀರ್ಮಾನಕ್ಕೆ ಬರುವುದೂ ತಪ್ಪು. ಸಂಸ್ಥೆ ನಿಜವಾಗಿ ಕಟ್ಟಿದ ಸುಂಕ ಸಾಮಾನು ತರಿಸಿಕೊಂಡವನ ಹೊಣೆಯೇ. ಎಷ್ಟು ಕಟ್ಟಿದೆ ಎಂಬುದಕ್ಕೆ ಪುರಾವೆ ಕೇಳುವ ಹಕ್ಕು ಮಾತ್ರ ಅವನದು.

ಪ್ರಶ್ನೆ: ಪೊಟ್ಟಣದ ಮೇಲೆ ಕಳಿಸಿದವರು ‘ಉಡುಗೊರೆ’ ಎಂದು ಬರೆದಿದ್ದರಲ್ಲ?

ಪತ್ರ: ಅದು ಅನುಕೂಲಕ್ಕಾಗಿ ಬರೆದದ್ದು, ಅನನುಕೂಲವಾಗಿ ಪರಿಣಮಿಸಿದೆ. 2019ರ ಡಿಸೆಂಬರ್ 12ರ ಅಧಿಸೂಚನೆಯಂತೆ ಉಡುಗೊರೆಯ ಹೆಸರಿನಲ್ಲಿ ಸುಂಕವಿಲ್ಲದೆ ಒಳಬರಬಹುದಾದವು ಎರಡೇ: ಜೀವರಕ್ಷಕ ಔಷಧ ಮತ್ತು ರಾಖಿ. ಕಾರ್ಬೊರೇಟರನ್ನು ಮುಂಗೈಗೆ ಕಟ್ಟಿಕೊಳ್ಳಲು ಬರುವುದಿಲ್ಲ.

ಪ್ರಶ್ನೆ: ಸುಂಕದ ಕಚೇರಿಗೆ ದಯೆಯೇ ಇಲ್ಲವೇ?

ಪತ್ರ: ಇದೆ. 25ನೆಯ ಕಲಮಿನ ಆರನೆಯ ಉಪಕಲಮಿನಂತೆ ಒಟ್ಟು ಸುಂಕ 100 ರೂಪಾಯಿ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ವಸೂಲು ಮಾಡುವುದಿಲ್ಲ.

ಸುಂಕದ ಮಾತು ಒಳಬರುವ ಪೊಟ್ಟಣಗಳಿಗೆ ಮುಗಿಯುವುದಿಲ್ಲ. ಅಮೆರಿಕದಲ್ಲಿ ನೆಲೆಸಿದ ಮಕ್ಕಳಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಿಂದ ಅಪ್ಪೆಮಿಡಿಯ ಉಪ್ಪಿನಕಾಯಿ, ತೊಡದೇವು, ಹಲಸಿನ ಹಪ್ಪಳಗಳ ಡಬ್ಬಿ ಹೊರಡುವುದು ಹೊಸತಲ್ಲ. 800 ಡಾಲರಿನ ಒಳಗಿನ ಸರಕಿಗೆ ಅಲ್ಲಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ರದ್ದಾಯಿತು. ಅದಕ್ಕೆ ನಾಲ್ಕು ದಿನ ಮೊದಲೇ, 25ರಂದು, ಭಾರತೀಯ ಅಂಚೆಯು ಅಮೆರಿಕಕ್ಕೆ ಹೋಗುವ ಬಹುತೇಕ ಪೊಟ್ಟಣಗಳ ಬುಕಿಂಗನ್ನು ನಿಲ್ಲಿಸಿತು. 100 ಡಾಲರಿನವರೆಗಿನ ಉಡುಗೊರೆಗೆ ವಿನಾಯಿತಿ ಉಳಿದದ್ದರಿಂದ ಉಪ್ಪಿನಕಾಯಿ ಮೊದಲು ಬಚಾವಾಯಿತು, ಆದರೆ ಕೆಲವೇ ದಿನಗಳಲ್ಲಿ ಅದರ ಬುಕಿಂಗೂ ನಿಂತಿತು. ಅಕ್ಟೋಬರ್ 15ರಂದು ಸೇವೆ ಮತ್ತೆ ಶುರುವಾದಾಗ, ಘೋಷಿತ ಬೆಲೆಯ ಶೇಕಡಾ 50ರ ಸುಂಕವನ್ನು ಬುಕಿಂಗ್ ಕೌಂಟರಿನಲ್ಲಿಯೇ ಕಟ್ಟಿಸಿಕೊಳ್ಳುವ ವ್ಯವಸ್ಥೆ ಬಂತು. ದರ ಕ್ರೂರವಾದುದೇ, ಆದರೆ ಕಳಿಸುವವನು ಕೌಂಟರಿನ ಮುಂದೆ ನಿಂತು ಮೊತ್ತ ಕೇಳಿ, ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡು ಮನೆಗೆ ಮರಳಬಹುದಾಗಿತ್ತು. ಹಳೆಯ ಸುಂಕದ ಕಟ್ಟೆಯ ಮರ್ಯಾದೆ ಕೌಂಟರಿನ ರೂಪದಲ್ಲಿ ಮರಳಿತೆಂದೇ ಹೇಳಬೇಕು.

ಪ್ರಶ್ನೆ: ಕೊನೆಯದಾಗಿ, ತಮ್ಮ ವೇಷದಲ್ಲಿ ಕಳ್ಳರೂ ತಿರುಗುತ್ತಿದ್ದಾರೆ. ‘ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ’ ಎಂದು ಫೋನು ಮಾಡಿ, ಹೆದರಿಸಿ, ಖಾತೆ ಬರಿದು ಮಾಡುವವರಿಂದ ತಮ್ಮನ್ನು ಬೇರ್ಪಡಿಸಿ ತಿಳಿಯುವುದು ಹೇಗೆ?

ಪತ್ರ: 2019ರ ನವೆಂಬರ್‌ನಿಂದ ಸುಂಕದ ಇಲಾಖೆಯ ಪತ್ರಗಳಿಗೆ ದಾಖಲೆ ಗುರುತಿನ ಸಂಖ್ಯೆ ಹಾಕುವ ಪದ್ಧತಿ ಬಂದಿದೆ; ಅದನ್ನು ಇಲಾಖೆಯ ಜಾಲತಾಣದಲ್ಲಿ ಪರಿಶೀಲಿಸಬಹುದು. ಸುಂಕದ ಅಧಿಕಾರಿಗಳು ಯಾರದೋ ಸ್ವಂತ ಖಾತೆಗೆ ಹಣ ಹಾಕುವಂತೆ ಕೇಳುವುದಿಲ್ಲ.

ಪ್ರಶ್ನೆ: ತಮ್ಮಲ್ಲಿ ಆ ಸಂಖ್ಯೆ ಇದೆಯೇ?

ಪತ್ರ: ಈ ಪತ್ರವು ಇಲಾಖೆಯದಲ್ಲ ಎಂದು ಆಗಲೇ ತಿಳಿಯಪಡಿಸಲಾಗಿದೆ. ಇದು ಕಂಪ್ಯೂಟರಿನಿಂದ ತಯಾರಾದುದರಿಂದ ಸಹಿಯ ಅಗತ್ಯವೂ ಇರುವುದಿಲ್ಲ.

ವಂಚನೆಯ ಅನುಮಾನವಿದ್ದರೆ 1930ಕ್ಕೆ, ಬೆಲೆಯನ್ನು ಮರೆಮಾಚಿದ ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕಿರವತ್ತಿಯ ಯಜಮಾನರು ಮಾಡಿದ್ದು ಇಷ್ಟೇ: ತಮ್ಮ ಹೆಸರಿನಲ್ಲಿ ಸಲ್ಲಿಸಿದ ಬಿಲ್ ಆಫ್ ಎಂಟ್ರಿಯ ಪ್ರತಿಯನ್ನೂ ಸುಂಕ ಕಟ್ಟಿದ ರಸೀದಿಯನ್ನೂ ಕಳಿಸಿದ ದಿನವೇ ಹಣ ಪಾವತಿಸುವುದಾಗಿ ಎರಡು ಸಾಲಿನ ಉತ್ತರ ಬರೆದು, ನೋಂದಾಯಿತ ಅಂಚೆಯಲ್ಲಿ ಹಾಕಿದರು. ಪ್ರತಿ ಬರಲಿಲ್ಲ. ಹದಿನೈದು ದಿನಗಳ ನಂತರ ಎರಡನೆಯ ತಗಾದೆ ಪತ್ರ ಬಂತು. ಅದರಲ್ಲಿಯೂ ಇಪ್ಪತ್ತು ಪೈಸೆ ಹಾಗೆಯೇ ಇತ್ತು.